ಸುರ್ಜಣಿ ದೇವಿಯ ಬೆಳ್ಳಿಗಣ್ಣು

"ಬೆಳ್ಳಿ ತಗೋ ತಮ್ಮಾ, ಬೇಡ ಅನ್ನಲ್ಲ. ಆದ್ರೆ ಕಣ್ಣಿನ ಪಾಪೆ ಮಾತ್ರ ನೀನು ಕೊರೀಬೇಡ. ಅದನ್ನ ರಾಣನ ಕೈಲೇ ಕೊರಸು."

ಬುಧಣಿ ಎರಕದ ಕೊಟ್ಟಿಗೆಯ ಹೊಸ್ತಿಲಾಚೆಯೇ ನಿಂತಿದ್ದಳು. ಅವಳ ಬೆನ್ನ ಹಿಂದೆ ಹಿಮ ಸದ್ದಿಲ್ಲದೆ ಸುರಿಯುತ್ತಿತ್ತು. ಚಾಚಿದ ಅಂಗೈ ಮೇಲೆ ಎರಡು ಬೆಳ್ಳಿ ಓಲೆ. ದೊಡ್ಡವರ ಕಿವಿಯವಲ್ಲ, ಮಕ್ಕಳವು.

ಕಂಚುಗಾರ ರಿಲ್ಹಣ ಒಂದನ್ನು ಎತ್ತಿ ಮೂಗಿಗೆ ಹಿಡಿದ. ಲೋಹವನ್ನು ಮೂಸುವುದು ಅವನ ಕಸುಬಿನ ಚಾಳಿ. ಬೆಳ್ಳಿಗೆ ವಾಸನೆ ಇರಬಾರದು. ಇದಕ್ಕಿತ್ತು. ಸುಟ್ಟ ಗರಿಯ ಕಮಟು, ಅದರಡಿಯಲ್ಲಿ ನೆಂದ ಉಣ್ಣೆ, ಅದಕ್ಕೂ ಅಡಿಯಲ್ಲಿ ಆಗತಾನೆ ಅಗೆದ ಮಣ್ಣು.

"ಏನು ಹಚ್ಚಿದೀಯ ಅವ್ವಾ ಇದಕ್ಕೆ?"

"ಗೂಬೆಗಣ್ಣಿನ ಮಸಿ. ಮತ್ತೆ ನನ್ನ ಬಾಯಿಂದ ಬಂದಿದ್ದು."

ರಿಲ್ಹಣ ಗಹಗಹಿಸಿ ನಕ್ಕ. ಒಳಗೆ ಮೂರ್ತಿಯ ಪೀಠಕ್ಕೆ ಮರಳು ಹಾಕಿ ಉಜ್ಜುತ್ತಿದ್ದ ಅವನ ಹೆಂಡತಿ ಸಿಲ್ಲಾ ನಗಲಿಲ್ಲ. ಕೈ ನಿಲ್ಲಿಸಿ, ಒದ್ದೆ ಬಟ್ಟೆಯನ್ನು ತುಂಬುಬಸುರಿನ ಮೇಲೆ ಹಿಡಿದುಕೊಂಡು ನೋಡಿದಳು.

"ನೋಡವ್ವಾ, ಮೂಸೇಲಿ ಬೆಳ್ಳಿ ಕರಗೋ ಹೊತ್ತಿಗೆ ನಿನ್ನ ಮಂತ್ರ ಹೊಗೆಯಾಗಿ ಮಾಡು ಹತ್ತಿ ಹೋಗಿರತ್ತೆ. ಬೆಂಕಿಗೆ ಜ್ಞಾಪಕ ಇರಲ್ಲ."

"ಬೆಂಕಿಗಿರಲ್ಲ," ಅಂದಳು ಬುಧಣಿ. "ಬೆಳ್ಳಿಗಿರತ್ತೆ."

"ರಾಣನೇ ಯಾಕೆ ಕೊರೀಬೇಕಂತೆ?"

ಮುದುಕಿ ಮೇಲಿನ ದಿಣ್ಣೆಯತ್ತ ಕಣ್ಣು ಹಾಯಿಸಿದಳು. ಅಲ್ಲಿ ದೇವದಾರು ತೊಲೆಗಳ ಹೊಸ ಗುಡಿ, ಹಿಮದ ಕುಲಾವಿ ಹಾಕಿಕೊಂಡು, ಬರಿದಾಗಿ ನಿಂತಿತ್ತು. "ಕಟ್ಟಿಸಿದೋನು ಅವನಲ್ವಾ. ಕಣ್ಣು ತೆರೆಸೋ ಪುಣ್ಯನೂ ಅವನಿಗೇ ಬರ್ಲಿ." ಪುಣ್ಯ ಎಂಬ ಮಾತನ್ನು ಅವಳು ಉಗುಳಿದಂತೆ ಆಡಿದಳು. ಓಲೆಗಳನ್ನು ಹೊಸ್ತಿಲ ಮೇಲಿಟ್ಟು, ಹಿಂದಿರುಗಿ ನೋಡದೆ ಇಳಿಜಾರಿನ ಬಿಳುಪಿನಲ್ಲಿ ಕರಗಿ ಹೋದಳು.

ಬೇರೆ ಬೆಳ್ಳಿ ಇದ್ದಿದ್ದರೆ ರಿಲ್ಹಣ ಅದನ್ನು ಮುಟ್ಟುತ್ತಿರಲಿಲ್ಲವೇನೋ. ಕಣಿವೆಯ ಒಡೆಯ ರಾಣ ನಾಗಟ ಕೊಟ್ಟದ್ದರಲ್ಲಿ ಅರ್ಧ ಸೀಸ. ಒಂದು ಪೆಟ್ಟು ಬಿದ್ದೊಡನೆ ಕಪ್ಪಿಟ್ಟು ಬಿರುಕು ಬಿಟ್ಟಿತ್ತು. ಹೊರಗಿನಿಂದ ತರಿಸೋಣವೆಂದರೆ ಕಣಿವೆಯ ಬಾಯಿ ಹಿಮದಲ್ಲಿ ಮುಚ್ಚಿ ತಿಂಗಳುಗಳಾಗಿದ್ದವು. ಚೈತ್ರದ ಹುಣ್ಣಿಮೆಗೆ ದೇವಿ ಗುಡಿ ಸೇರಲೇಬೇಕೆಂದು ರಾಣನ ಕಟ್ಟಪ್ಪಣೆ.

ಮೂರ್ತಿಯೇನೋ ಅವನು ಈವರೆಗೆ ಎರೆದವುಗಳಲ್ಲೆಲ್ಲ ಮೇಲಾಗಿ ಬಂದಿತ್ತು. ಆಳೆತ್ತರದ ಸುರ್ಜಣಿ ದೇವಿ. ಕೋಣನ ಬಾಲ ಹಿಡಿದೆತ್ತಿ, ಅದರ ಕೊರಳನ್ನು ಅಂಗಾಲಲ್ಲಿ ಒತ್ತಿ ನಿಂತವಳು. ಅಚ್ಚು ಒಡೆದ ದಿನ, ಸುಟ್ಟ ಜೇಡಿಯ ಬಿಸಿ ಹೋಳುಗಳ ನಡುವಿನಿಂದ ಆ ಮುಖ ಎದ್ದು ಬಂದಾಗ, ಬೆಂಕಿ ಊದಿ ಊದಿ ಬಳಲಿದ್ದ ರಾಣನ ಆಳುಗಳು ತಿದಿ ಬಿಟ್ಟು ಅಡ್ಡಬಿದ್ದಿದ್ದರು. ತುಟಿಗೆ ತಾಮ್ರ ಕೂರಿಸಿಯಾಗಿತ್ತು. ಕಣ್ಣಿನ ಎರಡು ಗುಳಿ ಮಾತ್ರ ಖಾಲಿ.

"ಆ ಅವ್ವನ ಮಾತು ಕೇಳಿ," ಅಂದಳು ಸಿಲ್ಲಾ, ಅವನು ಮೂಸೆಗೆ ಓಲೆ ಹಾಕುವಾಗ. "ಅವಳು ಹೆದರಿಸೋಕೆ ಬಂದಿರ್ಲಿಲ್ಲ. ಹೆದರಿಕೊಂಡು ಬಂದಿದ್ಲು."

"ಕೇಳ್ತೀನಿ ತಡಿ. ರಾಣನ ಕೈಗೆ ಉಳಿ ಕೊಡ್ತೀನಿ. ಬೆಳಗಾಗಿ ಎದ್ದರೆ ಹೆಂಡ, ಕೈ ನೋಡಿದರೆ ಮರದೆಲೆ ಹಂಗೆ ನಡುಗ್ತದೆ. ದೇವಿ ಒಂದು ಕಣ್ಣಲ್ಲಿ ಕೋಣನ್ನ ನೋಡ್ತಾಳೆ, ಇನ್ನೊಂದರಲ್ಲಿ ಅಡಿಗೆಮನೆ ನೋಡ್ತಾಳೆ!"

ಅವನ ನಗೆಗೆ ಜೊತೆ ಸಿಗಲಿಲ್ಲ. ಆದರೆ ಅದು ಬರಿಯ ಕುಚೋದ್ಯವೂ ಅಲ್ಲ. ದೂರದ ವಿತಸ್ತಾ ನದಿಯ ದಂಡೆಯ ಕಂಚುಗಾರರ ಕೇರಿಯಲ್ಲಿ ಹುಟ್ಟಿ ಬೆಳೆದ ರಿಲ್ಹಣನಿಗೆ ಬೇರೆ ಹೆಮ್ಮೆ ಇರಲಿಲ್ಲ, ಇದ್ದದ್ದು ನೋಟದ್ದೊಂದೇ. ಪಾಪೆಯನ್ನು ಕೂದಲೆಳೆಯಷ್ಟು ಕೆಳಗೆ ಕೊರೆದರೆ ದೇವಿಗೆ ಕರುಣೆ ಬರುತ್ತದೆ, ಮೇಲೆ ಕೊರೆದರೆ ಮುನಿಸು. ತಿಂಗಳುಗಟ್ಟಲೆ ಮೈ ಸುಟ್ಟುಕೊಂಡವನು ಆ ಕೂದಲೆಳೆಯನ್ನು ಬೇರೆಯವನಿಗೆ ಬಿಟ್ಟುಕೊಡುವುದುಂಟೆ?

ಬೆಳ್ಳಿ ಕರಗಿತು. ಹೊಗೆ ಮೇಲೇಳಲಿಲ್ಲ. ಮೂಸೆಯ ಅಂಚು ದಾಟಿ, ನೆಲಕ್ಕಿಳಿದು, ನೀರು ಹರಿದಂತೆ ಕೊಟ್ಟಿಗೆಯ ತುಂಬ ಹರಡಿ, ಮೂರ್ತಿಯ ಪಾದದ ಬಳಿ ಮಡುಗಟ್ಟಿತು. ಸಿಲ್ಲಾ ಕೆಮ್ಮುತ್ತ ಬಾಗಿಲು ತೆರೆದಳು. ಗಾಳಿ ಬಂದರೂ ಅದು ಕದಲಲಿಲ್ಲ.

ಮರುದಿನ ನಡುಹಗಲು ಹಿಮ ನಿಂತು ಬಿಸಿಲು ಬಂತು. ಬಾಗಿಲಿಂದ ನುಗ್ಗಿದ ಬೆಳಕಿನಲ್ಲಿ ಕಂಚಿನ ಕೆನ್ನೆ ಬೆಚ್ಚಗಿನ ಮೈಯಂತೆ ಕಾಣುತ್ತಿತ್ತು. ತಟ್ಟಿ ಕೂರಿಸಿದ ಬೆಳ್ಳಿ ಗುಳಿಯಲ್ಲಿ ಹಾಲಿನಂತೆ ತುಂಬಿತ್ತು. ರಿಲ್ಹಣ ಉಸಿರು ಬಿಗಿಹಿಡಿದು ಸಣ್ಣ ಉಳಿಯನ್ನು ದೇವಿಯ ಎಡಗಣ್ಣಿನ ನಡುವಿಗೆ ತಂದ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದ. ಟಿಣ್. ಬೆಳ್ಳಿಯ ಸಿಂಬೆ ಎದ್ದಿತು. ಟಿಣ್. ಮತ್ತೊಂದು ಸುತ್ತು. ಸುಟ್ಟ ಗರಿಯ ವಾಸನೆ. ಕೊನೆಯ ಚುಕ್ಕೆ.

ಟಿಣ್.

ಅವನ ಎದುರಿಗೆ ಒಂದು ಮುಖ ಬಂತು. ಗಂಡಸಿನ ಮುಖ. ದೊಡ್ಡದು. ತೀರ ಹತ್ತಿರ. ಮೂಗಿನ ತುದಿಯಲ್ಲಿ ಬೆವರ ಹನಿ. ಗಡ್ಡದಲ್ಲಿ ಬೆಳ್ಳಿಯ ಪುಡಿ. ಕೈಯಲ್ಲಿ ಉಳಿ.

ಅವನದೇ ಮುಖ.

ಬಲಗಣ್ಣಿಗೆ ದೇವಿ ಕಾಣುತ್ತಿದ್ದಳು. ಎಡಗಣ್ಣಿಗೆ ಅವನೇ ಕಾಣುತ್ತಿದ್ದ. ರಿಲ್ಹಣ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಆ ಮುಖವೂ ಕಣ್ಣು ಮುಚ್ಚಿಕೊಂಡಿತು. ಆದರೆ ಮರೆಯಾಗಲಿಲ್ಲ. ಮುಚ್ಚಿದ ಅಂಗೈಯಾಚೆಯಿಂದ ತಾನು ಅಂಗೈ ಮುಚ್ಚಿ ನಿಂತದ್ದನ್ನು ಅವನು ನೋಡಿದ. ಬಾಯಿ ತೆರೆದದ್ದನ್ನು ನೋಡಿದ. ಆಮೇಲೆ ತನ್ನ ಕೂಗು ಕೇಳಿದ.

ಸಿಲ್ಲಾ ಓಡಿಬಂದಳು. ಮೊದಲು ಅವನ ಮುಖ ನೋಡಿದಳು, ಆಮೇಲೆ ದೇವಿಯದು. ಏನು ತಿಳಿಯಿತೋ, ತನ್ನ ಹೊದಿಕೆ ಎಳೆದು ಮೂರ್ತಿಯ ತಲೆಯ ಮೇಲೆ ಎಸೆದಳು. ರಿಲ್ಹಣನ ಎಡಗಣ್ಣಿನ ಮುಂದೆ ಉಣ್ಣೆಯ ನೇಯ್ಗೆ ಇಳಿಬಿತ್ತು; ಎಳೆಗಳ ಸಂದಿಯಲ್ಲಿ ಬಿಸಿಲ ಚುಕ್ಕೆಗಳು.

ಇಳಿಜಾರಿನಲ್ಲಿ ಬೀಳುತ್ತ ಏಳುತ್ತ ಅವನು ಬುಧಣಿಯ ಮನೆ ಸೇರಿದಾಗ ಅವಳು ಒಲೆಯ ಮುಂದೆ ಹುರಿಹಿಟ್ಟು ಕಲಸುತ್ತಿದ್ದಳು. ಅವನ ಎಡಗಣ್ಣು ನೋಡಿದವಳೇ ಬಟ್ಟಲು ಕೆಳಗಿಟ್ಟಳು. ಕಣ್ಣು ಬೆಳ್ಳಗಾಗಿತ್ತು, ಬೇಯಿಸಿದ ಮೀನಿನ ಕಣ್ಣಿನಂತೆ.

"ಅಯ್ಯೋ ಪಾಪಿ. ನೀನೇ ಕೊರೆದ್ಯಾ?"

"ಬಿಡಿಸವ್ವಾ. ಕಾಲಿಗೆ ಬೀಳ್ತೀನಿ."

"ಏನಂತ ಬಿಡಿಸ್ಲಿ?" ಅವಳು ಹಣೆ ಚಚ್ಚಿಕೊಂಡಳು. "ಕಟ್ಟೋದು ಕಲಿತೆ. ಬಿಚ್ಚೋದು ಕಲೀಲಿಲ್ಲ. ಬಿಚ್ಚೋ ಮನಸ್ಸೇ ಇರ್ಲಿಲ್ಲ ನಂಗೆ."

ಆಮೇಲೆ ಹೇಳಿದಳು. ಗುಡಿಯ ಗೋಡೆ ಎದ್ದಷ್ಟು ಸಲ ಬಿದ್ದಿತ್ತು. ಮೈಮೇಲೆ ದೇವರು ಬರುವ ಗೂರ ಕುಣಿದು, ಕೂದಲು ಬೀಸಿ, ತಾಯಿಗೆ ತಳದಲ್ಲಿ ಒಂದು ಹೆಣ್ಣುಮಗು ಬೇಕೆಂದಿದ್ದ. ತಂದೆಯಿಲ್ಲದ ಮನೆಯನ್ನು ರಾಣ ಆರಿಸಿದ. ಬುಧಣಿಗೆ ತಡವಾಗಿ ಹುಟ್ಟಿದ ಮಗಳು ಫುಲ್ಲಿಗೆ ಆಗ ಎಂಟು ವರ್ಷ. ಸ್ನಾನ ಮಾಡಿಸುತ್ತೇವೆಂದು ಕರೆದು, ಓಲೆ ಬಿಚ್ಚಿ ತಾಯಿಯ ಕೈಗೆ ಕೊಟ್ಟು, ಮಗುವನ್ನು ಕರೆದೊಯ್ದರು. ಆ ಮೇಲೆ ಗೋಡೆ ಬೀಳಲಿಲ್ಲ.

"ಯಾವನು ದೇವಿಗೆ ಕಣ್ಣು ಕೊಡ್ತಾನೋ ಅವನ ಕಣ್ಣು ಅವಳಿಗೇ ಹೋಗ್ಲಿ ಅಂದೆ. ನನ್ನ ಮಗು ಮಲಗಿರೋ ಜಾಗಾನ ನೋಡ್ತಾ ಕೂತಿರ್ಲಿ ಅಂದೆ. ಕಣ್ಣು ಕೊಡೋನು ರಾಣ ಅಂದ್ಕೊಂಡಿದ್ದೆ ತಮ್ಮಾ. ನಮ್ಮ ಕಡೆ ಹಂಗೇ ಪದ್ಧತಿ."

"ಬೆಳ್ಳಿ ಕಿತ್ತು ಹಾಕಿದ್ರೆ?"

"ಕಿತ್ತರೆ ಕಿತ್ತಿದ್ದು ನಿನ್ನ ಕಣ್ಣೇ."

ಒಂದು ದಾರಿ ಉಳಿದಿತ್ತು. ಇನ್ನೊಂದು ಕಣ್ಣು ಇನ್ನೂ ಕೊರೆದಿರಲಿಲ್ಲ.

ಗೂರನನ್ನೂ ಇಬ್ಬರು ಈಟಿಯವರನ್ನೂ ಕರೆದುಕೊಂಡು ರಾಣ ನಾಗಟ ಕೊಟ್ಟಿಗೆಗೆ ಬಂದ. ದಪ್ಪ ಕುತ್ತಿಗೆ, ಸಣ್ಣ ದನಿ. ತುಪ್ಪ, ಹೆಂಡ, ಕುರಿಚರ್ಮದ ವಾಸನೆ ಅವನಿಗಿಂತ ಮೊದಲೇ ಒಳಬಂತು. ರಿಲ್ಹಣ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ.

"ಒಂದು ಕಣ್ಣು ನಾನು ತೆರೆಸಿದೀನಿ ದೊರೆ. ಇನ್ನೊಂದು ತಮ್ಮ ಕೈಲಾಗ್ಬೇಕು. ಕಟ್ಟಿಸಿದೋರಿಗೇ ಅದರ ಫಲ."

ರಾಣನಿಗೆ ಖುಷಿಯಾಯಿತು. "ಇದಪ್ಪಾ ಮಾತು!" ಎಂದು ತೋಳೇರಿಸಿ ಉಳಿ ಕೈಗೆ ತೆಗೆದುಕೊಂಡ. ದೇವಿಯ ಮುಖದ ಹೊದಿಕೆ ಸರಿಸಿದ. ರಿಲ್ಹಣನ ಎಡಗಣ್ಣಿನ ತುಂಬ ರಾಣನ ಮುಖ ತುಂಬಿತು. ಹಳದಿ ಹಲ್ಲು, ಮೂಗಿನ ಮೇಲಿನ ನರ. ರಿಲ್ಹಣ ಬೆಚ್ಚಿ ಹಿಂದೆ ಸರಿದುಬಿಟ್ಟ.

ರಾಣ ಕೈ ತಡೆದು ತಿರುಗಿದ. "ಯಾಕಯ್ಯಾ, ಕಣ್ಣಿಗೇನಾಯ್ತು?"

"ಕಿಡಿ ಸಿಡೀತು ದೊರೆ."

"ಬೆಳ್ಳಿ ಎಲ್ಲೀದು? ನಾನು ಕೊಟ್ಟಿದ್ದು ಕಪ್ಪಿಟ್ಟಿತು ಅಂದಿದ್ದೆ."

ತೊಲೆಯಿಂದ ಕರಗಿದ ಹಿಮದ ಹನಿ ಬಿತ್ತು. ಗೂರ ಮುಂದೆ ಬಂದು ಮೂರ್ತಿಯ ಕೆನ್ನೆಯ ಬಳಿ ಮೂಗು ತಂದು ಮೂಸಿದ. ಅವನ ಮುಖ ಬಿಳಿಚಿತು. "ಬುಧಣಿ," ಅಂದ.

ರಾಣ ಉಳಿಯನ್ನು, ಹಾವು ಹಿಡಿದವನು ಬಿಡುವಷ್ಟು ನಿಧಾನವಾಗಿ, ಪೀಠದ ಮೇಲಿಟ್ಟ.

"ಆ ಮುದುಕಿ ಕತ್ತು ಕುಯ್ಯಲಾ?" ಈಟಿಯವನೊಬ್ಬ ಕೇಳಿದ.

"ಬೇಡ ಬೇಡ," ಗೂರ ಕೈ ಅಡ್ಡ ಹಿಡಿದ. "ಅವಳ ರಕ್ತ ಬಿದ್ರೆ ಮಾಟಕ್ಕೆ ಒಡತಿ ಇರಲ್ಲ. ಊರೂರು ಅಲೀತದೆ. ಹಾಕಿದ್ದು ಯಾರ ಮೇಲಾದ್ರೂ ತೀರಿ ಹೋಗ್ಬೇಕು."

"ತೀರ್ಲಿ," ಅಂದ ರಾಣ, ರಿಲ್ಹಣನನ್ನೇ ನೋಡುತ್ತ. "ನೀನೇ ಶುರು ಮಾಡಿದೀಯ. ನೀನೇ ಮುಗಿಸು."

"ದೊರೆ, ನಾನು ಪರಸ್ಥಳದೋನು. ಇದರಲ್ಲಿ ನನ್ನದೇನೂ ತಪ್ಪಿಲ್ಲ."

"ನನ್ನ ಮೇಲೇ ಎತ್ತಿಹಾಕೋಕೆ ಬಂದ್ಯಲ್ಲ, ಅದು?" ರಾಣ ಬಾಗಿಲ ಕಡೆ ನೋಡಿದ. ಸಿಲ್ಲಾ ಅಲ್ಲಿ ಗೋಡೆಗೆ ಒರಗಿ ನಿಂತಿದ್ದಳು. "ತುಂಬುಬಸುರಿ. ಹೊರಗೆ ಮಂಡಿಯುದ್ದ ಹಿಮ. ಇವತ್ತೇ ದಾರಿ ಹಿಡಿದು ಹೊರಡು ಅಂದ್ರೆ ಎಲ್ಲೀತನಕ ಹೋಗ್ತಾಳೆ?"

ಈಟಿಯವರು ಅವಳ ಎರಡೂ ಕಡೆ ನಿಂತರು.

ರಿಲ್ಹಣ ಕಣ್ಣಿನ ಬಟ್ಟೆ ಬಿಚ್ಚಿಹಾಕಿ ಉಳಿ ಎತ್ತಿಕೊಂಡ. ಕೈ ನಡುಗುತ್ತಿತ್ತು. ತಾನು ರಾಣನ ಕೈಯನ್ನು ಹಂಗಿಸಿದ್ದು ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ. "ಸಿಲ್ಲಾ, ಬಾ ಇಲ್ಲಿ," ಅಂದ. ಅವಳು ಬಂದಳು. ಉಳಿದ ಒಂದೇ ಕಣ್ಣಿನಿಂದ ಅವನು ಅವಳನ್ನು ನೋಡಿದ. ಹೊಗೆ ಮೆತ್ತಿದ ಹಣೆ. ಗಲ್ಲದ ಮೇಲಿನ ಎಣ್ಣೆಗೆಂಪು ಮಚ್ಚೆ. ಅತ್ತೂ ಅತ್ತೂ ಉಬ್ಬಿದ ರೆಪ್ಪೆ. ಬಸುರು. ಅದರೊಳಗಿನದನ್ನೂ ನೋಡಿಬಿಡುವವನಂತೆ ನೋಡಿದ. ಅವಳು ಅವನ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಅಳು ನುಂಗಿ ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು ನಿಂತಳು.

"ಹೊತ್ತಾಯ್ತು," ಅಂದ ರಾಣ.

ಟಿಣ್. ಟಿಣ್. ಸಿಂಬೆ ಎದ್ದಿತು. ಗರಿಯ ವಾಸನೆ. ಸಿಲ್ಲಾಳ ಬಿಕ್ಕು. ಟಿಣ್.

ಕೊಟ್ಟಿಗೆ ಮಗುಚಿ ನಿಂತಿತು. ಕೆಳಗೆ ಒಬ್ಬ ಮನುಷ್ಯ ಉಳಿ ಹಿಡಿದು ನಿಂತಿದ್ದ. ಅವನ ಎರಡೂ ಕಣ್ಣು ಬೆಳ್ಳಗಿದ್ದವು. ಬಸುರಿ ಹೆಂಗಸೊಬ್ಬಳು ಅವನನ್ನು ತಬ್ಬಿಕೊಂಡಳು. ಅವಳ ತೋಳಿನ ಬಿಸಿ ರಿಲ್ಹಣನಿಗೆ ತಾಗಿತು. ಆದರೆ ಅವಳು ತಬ್ಬಿದ್ದು ದೂರದಲ್ಲಿ, ಯಾರೋ ಒಬ್ಬನನ್ನು.

ಹುಣ್ಣಿಮೆಯ ದಿನ ದೇವಿಯನ್ನು ಹೆಗಲ ಮೇಲೆ ಹೊತ್ತು ದಿಣ್ಣೆ ಹತ್ತಿಸಿದರು. ಕಹಳೆ ಕೂಗಿತು, ಡೋಲು ಬಡಿಯಿತು. ಸಿಲ್ಲಾಳ ಕೈ ಹಿಡಿದು ಹಿಂದೆ ತಡವರಿಸುತ್ತಿದ್ದ ರಿಲ್ಹಣನಿಗೆ ಇಡೀ ಕಣಿವೆ ಒಮ್ಮೆಗೇ ಕಂಡಿತು. ಸೀಳಿದ ಹಿಮದ ನಡುವೆ ಹಸಿರು ನದಿ, ಬಾರ್ಲಿಯ ಗದ್ದೆಗಳ ಮೆಟ್ಟಿಲು, ಮೇಲೆತ್ತಿದ ನೂರಾರು ಮುಖ. ಎಲ್ಲರೂ ಅವನ ಕಣ್ಣೊಳಗೆ ನೋಡಿ ಕೈಮುಗಿಯುತ್ತಿದ್ದರು. ಗುಂಪಿನಂಚಿನಲ್ಲಿ ಬುಧಣಿ ಮಾತ್ರ ಕೈ ಮುಗಿಯಲಿಲ್ಲ.

ಗರ್ಭಗುಡಿಯಲ್ಲಿ ಮೂರ್ತಿ ನಿಲ್ಲಿಸಿದ ಮೇಲೆ ರಾಣ ಕೊನೆಗೆ ಒಳಬಂದ. ಬೆಳ್ಳಿಗಣ್ಣಿನೆದುರು ಅವನಿಗೆ ತಲೆ ಎತ್ತಲಾಗಲಿಲ್ಲ. "ಬಾಗಿಲು ಹಾಕಿ," ಅಂದ. "ಪೂಜೆ ಹೊಸ್ತಿಲಲ್ಲೇ ಆಗ್ಲಿ. ಇದನ್ನ ಯಾರೂ ತೆಗೀಕೂಡ್ದು."

ದಪ್ಪ ದೇವದಾರು ಹಲಗೆ ಕೂಡಿಕೊಂಡವು. ಬೆಳಕು ಗೆರೆಯಾಯಿತು. ಗೆರೆ ಅಳಿಯಿತು.

ರಾಣ ರಿಲ್ಹಣನನ್ನು ಊರು ಬಿಡಲು ಬಿಡಲಿಲ್ಲ. ದೇವಿಗೆ ಕಣ್ಣು ಕೊಟ್ಟವನು ದೇವಿಯ ಊರಲ್ಲೇ ಇರಬೇಕೆಂದು ಕೊಟ್ಟಿಗೆಯ ಪಕ್ಕದ ಗುಡಿಸಲನ್ನೇ ಬಿಟ್ಟುಕೊಟ್ಟ. ಸಿಲ್ಲಾ ಪರರ ಉಣ್ಣೆ ನೂತು ಒಲೆ ಹಚ್ಚಿದಳು. ರಿಲ್ಹಣನಿಗೆ ಬಿಸಿಲು ಮೈಗೆ ಮಾತ್ರ ಇತ್ತು. ಎದ್ದರೂ ಮಲಗಿದರೂ ಕಣ್ಣಿಗೆ ಅದೇ ಮುಚ್ಚಿದ ಗುಡಿಯ ಕತ್ತಲೆ. ರೆಪ್ಪೆ ಮುಚ್ಚಿ ತಪ್ಪಿಸಿಕೊಳ್ಳೋಣವೆಂದರೆ ಕಂಚಿಗೆ ರೆಪ್ಪೆಯಿಲ್ಲ.

ಕೆಲವು ದಿನಕ್ಕೆ ಆ ಕತ್ತಲೆಯಲ್ಲಿ ಚಪ್ಪಡಿಗಳ ಅಂಚು ಗೋಚರವಾಯಿತು. ಆಮೇಲೆ ಚಪ್ಪಡಿಗಳ ಮೇಲೆ ಏನೋ ಮುದುರಿ ಕೂತದ್ದು ಕಂಡಿತು. ಇಲಿಯಿರಬೇಕು ಅಂದುಕೊಂಡ. ಗಂಟು ಮೂಟೆಯಿರಬೇಕು ಅಂದುಕೊಂಡ. ಅದು ತಲೆ ಕೆರೆದುಕೊಂಡಿತು.

ಹುಡುಗಿ. ಬೆನ್ನು ಹಾಕಿ ಕೂತಿದ್ದಳು. ಎರಡು ಜಡೆ. ಬರಿಯ ಕಿವಿ. ಚಪ್ಪಡಿಯ ಸಂದಿಯಲ್ಲಿ ಉಗುರು ತೂರಿಸಿ ಮಣ್ಣು ಕೆದಕುತ್ತಿದ್ದಳು.

ಅವನು ಯಾರಿಗೂ ಹೇಳಬಾರದೆಂದಿದ್ದ. ಆದರೆ ಬುಧಣಿ ದಿನವೂ ಒಂದು ಬಟ್ಟಲು ಮೊಸರು ತಂದು ಬಾಗಿಲಲ್ಲಿ ಕೂರುತ್ತಿದ್ದಳು. ಕ್ಷಮಿಸು ಎಂದು ಕೇಳುವ ಬಾಯಿ ಅವಳಿಗಿರಲಿಲ್ಲ. ಮೊಸರೊಂದೇ. ಒಂದು ದಿನ ಅವನು ತಡೆಯಲಾರದೆ ಅಂದ: "ಕೂತಿದಾಳೆ ಅವ್ವಾ. ನಿನ್ನ ಮಗಳು."

ಬಟ್ಟಲು ಉರುಳಿದ ಸದ್ದಾಯಿತು. ಮುದುಕಿ ಕೇಳಿದಳು: "ಚಳಿಗೆ ಹೊದ್ದಿದಾಳಾ?"

"ಇಲ್ಲ."

ಅಂದಿನಿಂದ ದಿನವೂ ಅದೇ. ಇವತ್ತು ಏನು ಮಾಡ್ತಿದಾಳೆ? ಈ ಕಡೆ ತಿರುಗಿದಳಾ? ನನ್ನ ಕೇಳಿದಳಾ? ರಿಲ್ಹಣ ಕಂಡದ್ದನ್ನು ಹೇಳುತ್ತಿದ್ದ. ಹುಡುಗಿ ತಿರುಗುತ್ತಿರಲಿಲ್ಲ. ಕೆದಕುತ್ತಿದ್ದಳು ಅಷ್ಟೇ.

ಬೇಸಿಗೆ ಬರುವ ಮೊದಲು ಸಿಲ್ಲಾ ಹೆಣ್ಣು ಹೆತ್ತಳು. ಬೆಚ್ಚಗಿನ, ಹಾಲಿನ ಹುಳಿವಾಸನೆಯ ಗಂಟನ್ನು ಅವನ ತೊಡೆಯ ಮೇಲಿಟ್ಟು, "ಮೂಗು ನಿಮ್ಮದೇ," ಅಂದಳು. "ಗಲ್ಲ ನಂದು." ರಿಲ್ಹಣ ಬೆರಳಿನಿಂದ ಆ ಮುಖವನ್ನು ತಡವಿದ. ಜೀವಮಾನವಿಡೀ ಮೇಣ ತಿದ್ದಿದ ಬೆರಳು. ಹುಬ್ಬಿನ ಏರು, ತುಟಿಯ ಕೊನೆ, ಎಲ್ಲವೂ ಅವಕ್ಕೆ ತಿಳಿಯಿತು. ಸ್ವಲ್ಪ ಮೇಣ ಕೊಡೆಂದು ಕೇಳಿ, ಮಗುವಿನ ಕೆನ್ನೆಯ ಮೇಲೆ ಒಂದು ಕೈ, ಮೇಣದ ಮೇಲೆ ಒಂದು ಕೈ ಇಟ್ಟು, ದಿನವಿಡೀ ಕೂತು ತಿದ್ದಿದ. ಮುಗಿದ ಮೇಲೆ ನಗುತ್ತ ಎತ್ತಿ ಹಿಡಿದ. ಆ ಕಣಿವೆಯಲ್ಲಿ ಅವನು ಮತ್ತೆ ನಕ್ಕದ್ದು ಅದೇ ಮೊದಲು.

ಸಿಲ್ಲಾ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಯಾಕೆ? ಹೋಲಲ್ವಾ?"

"ಇದು ಕೂಸಿನ ಮುಖ ಅಲ್ಲ," ಅಂದಳು ಅವಳು. "ಇದು ಏಳೆಂಟು ವರ್ಷದ ಹುಡುಗಿ."

ಬಾಗಿಲಲ್ಲಿ ಕೂತಿದ್ದ ಬುಧಣಿ ತೆವಳಿಕೊಂಡು ಒಳಬಂದಳು. ಅವನ ಕೈಯಿಂದ ಮೇಣವನ್ನು ಕಿತ್ತುಕೊಂಡಳು. ಆಮೇಲೆ ಕೇಳಿಸಿದ್ದು ಅಳುವಲ್ಲ. ಕರು ಕಳೆದುಕೊಂಡ ಹಸು ಗಂಟಲಲ್ಲಿ ಮಾಡುವ ಸದ್ದು. ಮೇಣದ ಮುಖವನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಅವಳು ಹೊರಟುಹೋದಳು. ರಿಲ್ಹಣ ಆ ಹುಡುಗಿಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಮತ್ತೊಂದು ಹಿಮ ಬಿದ್ದು ಕರಗಿತು. ಮಗು ಸುಜ್ಜಿ ಗೋಡೆ ಹಿಡಿದು ನಡೆಯತೊಡಗಿದಳು. ಅವಳ ಕಾಲ್ಗೆಜ್ಜೆಯಿಲ್ಲದ ತಪ್ಪುಹೆಜ್ಜೆ, ಜೊಲ್ಲಿನ ತಂಪು, ಗಡ್ಡ ಜಗ್ಗುವ ಬೆರಳು, ಇಷ್ಟರಲ್ಲೇ ಅವನು ಮಗಳನ್ನು ಕೂಡಿಸಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಬಿಸಿಲಲ್ಲಿ ಕೂತಿದ್ದಾಗ ಅವಳು ಅವನ ಮೊಣಕಾಲು ಹಿಡಿದು ನಿಂತು, ಮೊದಲ ಬಾರಿಗೆ, ಸ್ಪಷ್ಟವಾಗಿ ಅಪ್ಪನನ್ನು ಕೂಗಿದಳು.

"ಬಪ್ಪಾ."

ಕತ್ತಲೆಯಲ್ಲಿ ಕೆದಕುವ ಕೈ ನಿಂತಿತು.

ಹುಡುಗಿ ತಿರುಗಿದಳು. ಮಣ್ಣು ಮೆತ್ತಿದ ರೆಪ್ಪೆ. ಮಣ್ಣು ತುಂಬಿದ ಮೂಗಿನ ಹೊಳ್ಳೆ. ಅವನ ಬೆರಳು ಮೇಣದಲ್ಲಿ ತಿದ್ದಿದ್ದ ಅದೇ ಹುಬ್ಬು, ಅದೇ ತುಟಿ. ಅವಳು ಅವನನ್ನು ನೇರವಾಗಿ ನೋಡಿದಳು.

"ಬಪ್ಪಾ," ಅಂದಳು ಸುಜ್ಜಿ ಅವನ ಮೊಣಕಾಲ ಬಳಿ. ಕತ್ತಲೆಯಲ್ಲಿ ಆ ತುಟಿಗಳು ಆಡಿದವು. "ಬಪ್ಪಾ. ಬಪ್ಪಾ." ಮಗುವಿನ ದನಿ, ಸತ್ತವಳ ಬಾಯಿ. ಒಂದಕ್ಕೊಂದು ತಪ್ಪದೆ.

ರಿಲ್ಹಣ ಮಗುವನ್ನು ಎಳೆದು ಎದೆಗವಚಿಕೊಂಡ. ಅದು ಗಾಬರಿಯಾಗಿ ಚೀರಿತು. ಕತ್ತಲೆಯ ಬಾಯಿಯೂ ಅಗಲವಾಗಿ ತೆರೆಯಿತು.

"ಏನಾಯ್ತು ತಮ್ಮಾ?" ಬುಧಣಿಯ ದನಿ. ಮೊಸರಿನ ಬಟ್ಟಲು ನೆಲಕ್ಕಿಟ್ಟ ಸದ್ದು. "ಏನು ಕಂಡೆ? ತಿರುಗಿದಳಾ?"

"ತಿರುಗಿದಳು."

ಮುದುಕಿ ಹತ್ತಿರ ಸರಿದಳು. "ಬಾಯಿ ಬಿಟ್ಟಳಾ? ಏನಂದಳು? ಹೇಳು ನನ್ನಪ್ಪಾ, ನನ್ನ ಕೇಳಿದಳಾ?"

ಅವಳ ಒರಟು ಬೆರಳು ಅವನ ಪಾದ ಹಿಡಿದುಕೊಂಡಿದ್ದವು. ಇವಳ ಮೇಲೆ ಸಿಟ್ಟಾಗಲು ಅವನು ಎಷ್ಟೋ ದಿನ ಯತ್ನಿಸಿದ್ದ. ಆಗಿರಲಿಲ್ಲ. ಈಗಲೂ ಆಗಲಿಲ್ಲ.

"ಹೂಂ," ಅಂದ ರಿಲ್ಹಣ. "ಅಮ್ಮಾ ಅಂದಳು."

ಬುಧಣಿ ಅವನ ಪಾದಕ್ಕೆ ಹಣೆಯಿಟ್ಟು ಅತ್ತಳು. ಬಿಸಿಲು ಮೈ ಸುಡುತ್ತಿತ್ತು. ಸಿಲ್ಲಾ ಎಲ್ಲೋ ನೂಲುತ್ತಿದ್ದಳು.

ಕತ್ತಲೆಯಲ್ಲಿ ಹುಡುಗಿ ನಿಧಾನವಾಗಿ, ಎರಡೂ ಕಡೆಗೆ, ತಲೆಯಾಡಿಸಿದಳು. ಇಲ್ಲ. ಆಮೇಲೆ ಮೊಣಕಾಲ ಮಣ್ಣು ಕೊಡವಿಕೊಂಡು ಎದ್ದಳು. ಅವನ ಕಡೆಗೆ ನಡೆದು ಬರತೊಡಗಿದಳು.